ಅನುಮತಿ: ಬೀಗದಕೈಯಿಂದ ಗಣಕಯಂತ್ರದವರೆಗೆ

ಅನುಮತಿ ಎಂಬ ಪದವನ್ನು ನಾವು ದಿನಕ್ಕೆ ಹತ್ತು ಬಾರಿ ಬಳಸುತ್ತೇವೆ. ಅದರ ತೂಕವನ್ನು ಅಳೆದು ನೋಡುವುದು ಮಾತ್ರ ಅಪರೂಪ. ಅನುಮತಿ ಬೇಡುವವನು ತನ್ನ ಕೈ ಎಲ್ಲಿಯವರೆಗೆ ಚಾಚಬಹುದೆಂದು ಕೇಳುತ್ತಾನೆ. ಅದನ್ನು ನೀಡುವವನು ತಾನು ಸ್ವತಃ ಮಾಡದ ಕೆಲಸಕ್ಕೂ ಪಾಲುದಾರನಾಗುತ್ತಾನೆ. ಇಷ್ಟು ಗಂಭೀರವಾದ ವಿಷಯವನ್ನು ಇಂದು ನಮ್ಮ ಅಂಗಡಿಗಳಲ್ಲಿಯೂ ಬಸದಿಗಳ ಕಚೇರಿಗಳಲ್ಲಿಯೂ ಗಣಕಯಂತ್ರದ ಒಂದು ಪಾಸ್‌ವರ್ಡಿಗೆ ಒಪ್ಪಿಸಿ ನಿಶ್ಚಿಂತರಾಗಿದ್ದೇವೆ. ಈ ನಿಶ್ಚಿಂತೆ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಕುರಿತು ಕೆಲವು ಮಾತುಗಳನ್ನು ಓದುಗ ಬಂಧುಗಳ ಮುಂದಿಡಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆನು. ನಾನು ತಂತ್ರಾಂಶ ಬರೆಯುವವನಲ್ಲ. ಬಿ.ಕಾಂ. ಓದಿ ಅಂಗಡಿಯ ಗಲ್ಲಾದ ಮುಂದೆ ನಲವತ್ತು ವರ್ಷ ಕುಳಿತವನು. ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದಲ್ಲಿರುವ ನನ್ನ ಕಿರಿಯ ಮಗಳು ಊರಿಗೆ ಬಂದಾಗಲೆಲ್ಲ ಹಳೆಯ ಖಾತೆಪುಸ್ತಕದ ಹಿಂಬದಿಯಲ್ಲಿ ಚಿತ್ರ ಬರೆದು ತಿಳಿಸಿಕೊಟ್ಟದ್ದೂ, ಆಮೇಲೆ ನಾನೇ ಓದಿ ತಿಳಿದದ್ದೂ ಈ ಲೇಖನದ ಬಂಡವಾಳ.

ಕೊಣನೂರು ಕಾವೇರಿಯ ದಂಡೆಯ ಪುಟ್ಟ ಪೇಟೆ. ಸುತ್ತಲಿನ ಹಳ್ಳಿಗಳಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಸಮೀಪದ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಹರಾಜಿನ ಹಂಗಾಮಿನಲ್ಲಿ ರೈತರ ಕೈಗೆ ಹಣ ಬಂದಾಗ ವರ್ಷದ ಬಾಕಿಗಳೆಲ್ಲ ಒಂದೇ ವೇಳೆಗೆ ತೀರುತ್ತಿದ್ದವು. ಆ ದಿನಗಳಲ್ಲಿ ಅಂಗಡಿಯಲ್ಲಿ ಯಾರು ಏನನ್ನು ಮುಟ್ಟಬಹುದೆಂಬುದು ಬಹಳ ಸ್ಪಷ್ಟವಾಗಿತ್ತು. ಗುಮಾಸ್ತನು ಕಿರ್ದಿ ಬರೆಯುವನು. ಖಾತೆಗೆ ಇಳಿಸುವವರು ನಮ್ಮ ತಂದೆಯವರು. ಗಲ್ಲಾಪೆಟ್ಟಿಗೆಗೆ ಕೈಹಾಕುವವನು ಕಿರ್ದಿ ಬರೆಯುವಂತಿರಲಿಲ್ಲ. ಬರೆದುದನ್ನು ಹೊಡೆದುಹಾಕಿ ಮೇಲೆ ತಿದ್ದುವ ಅಧಿಕಾರ ಯಾರಿಗೂ ಇರಲಿಲ್ಲ. ತಪ್ಪಾದರೆ ಮರುದಿನದ ತಾರೀಖಿನಲ್ಲಿ ಎದುರು ನಮೂದು ಹಾಕಿ ಸರಿಪಡಿಸಬೇಕಾಗಿತ್ತು. ಇವು ಎಲ್ಲಿಯೂ ಬರೆದಿಟ್ಟ ನಿಯಮಗಳಲ್ಲ. ಗಲ್ಲಾದ ಮುಂದೆ ಹಿರಿಯರೊಬ್ಬರು ಕುಳಿತಿರುತ್ತಿದ್ದರು, ಅಕ್ಷರ ನೋಡಿದರೆ ಬರೆದವನು ಯಾರೆಂದು ಗೊತ್ತಾಗುತ್ತಿತ್ತು, ಶಾಯಿಯನ್ನು ಅಳಿಸಿದರೆ ಕಲೆ ಉಳಿಯುತ್ತಿತ್ತು. ಈ ಮೂರರ ಬಲದಿಂದ ಆ ನಿಯಮಗಳು ನಿಂತಿದ್ದವು.

ಗಣಕಯಂತ್ರ ಬಂದಾಗ ಈ ಮೂರೂ ಹೋದವು. ಯಂತ್ರಕ್ಕೆ ಕಣ್ಣಿಲ್ಲ. ಅದರ ಅಕ್ಷರ ಎಲ್ಲರದೂ ಒಂದೇ. ಅಳಿಸಿದರೆ ಕಲೆ ಉಳಿಯುವುದಿಲ್ಲ. ಹಿಂದೆ ತಾನಾಗಿಯೇ ದೊರೆಯುತ್ತಿದ್ದ ರಕ್ಷಣೆಯನ್ನು ಈಗ ಯಾರಾದರೂ ಯೋಚಿಸಿ, ಕಟ್ಟಿ, ಒಳಗೆ ಇಡಬೇಕಾಗುತ್ತದೆ. ಅದನ್ನು ಎಲ್ಲಿ ಇಡಬೇಕು, ಹೇಗೆ ಇಡಬೇಕು ಎಂಬುದೇ ನಮ್ಮ ವಿಷಯ.

ಇಂದಿನ ಬಹುತೇಕ ವ್ಯವಹಾರ ತಂತ್ರಾಂಶಗಳನ್ನು ಆಬ್ಜೆಕ್ಟ್ ಪದ್ಧತಿಯಲ್ಲಿ, ಎಂದರೆ ವಸ್ತುನಿಷ್ಠ ಕ್ರಮದಲ್ಲಿ ರಚಿಸುತ್ತಾರೆ. ನಾರ್ವೆ ದೇಶದ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗಾರ್ಡ್ ಎಂಬ ವಿದ್ವಾಂಸರು 1967ರಲ್ಲಿ ಪ್ರಕಟಿಸಿದ ಸಿಮುಲಾ ಭಾಷೆಯಲ್ಲಿ ಇದರ ಬೀಜವಿದೆ. 1970ರ ದಶಕದಲ್ಲಿ ಅಮೆರಿಕೆಯಲ್ಲಿ ಆಲನ್ ಕೇ ಮತ್ತು ಸಂಗಡಿಗರು ರೂಪಿಸಿದ ಸ್ಮಾಲ್‌ಟಾಕ್ ಭಾಷೆಯಿಂದ ಅದು ಹಬ್ಬಿತು. ಇದರ ತಿರುಳು ಸರಳವಾದುದು. ಮಾಹಿತಿಯನ್ನು ಒಂದೆಡೆ, ಆ ಮಾಹಿತಿಯ ಮೇಲೆ ನಡೆಯುವ ಕ್ರಿಯೆಗಳನ್ನು ಇನ್ನೊಂದೆಡೆ ಇಡದೆ, ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡುವುದು. ಬಸದಿಯ ಒಂದು ಕಾಣಿಕೆ ರಸೀತಿಯನ್ನು ತೆಗೆದುಕೊಳ್ಳಿ. ದಾನಿಯ ಹೆಸರು, ಮೊತ್ತ, ತಾರೀಖು, ಯಾವ ನಿಧಿಗೆ ಸೇರಿದ್ದು ಎಂಬಿವು ಅದರ ಮಾಹಿತಿ. ಬರೆ, ಮುದ್ರಿಸು, ತಿದ್ದು, ರದ್ದುಮಾಡು, ಅಂಗೀಕರಿಸು ಎಂಬಿವು ಅದರ ಕ್ರಿಯೆಗಳು. ಹೊರಗಿನವರು ಮೊತ್ತವನ್ನು ನೇರವಾಗಿ ಮುಟ್ಟಲಾಗದು. ‘ತಿದ್ದು’ ಎಂಬ ಕ್ರಿಯೆಯ ಬಾಗಿಲಿನಿಂದಲೇ ಬರಬೇಕು. ಒಳಗಿನದನ್ನು ಹೀಗೆ ಮುಚ್ಚಿಡುವ ಗುಣಕ್ಕೆ ಎನ್‌ಕ್ಯಾಪ್ಸುಲೇಷನ್ ಎಂದು ಹೆಸರು.

ಇಲ್ಲಿ ಒಂದು ಭ್ರಾಂತಿಗೆ ಅವಕಾಶವಿದೆ. ಈ ಭಾಷೆಗಳಲ್ಲಿ ಕೆಲವು ಕ್ರಿಯೆಗಳನ್ನು ‘ಪಬ್ಲಿಕ್’ ಎಂದೂ ಕೆಲವನ್ನು ‘ಪ್ರೈವೇಟ್’ ಎಂದೂ ಗುರುತಿಸುತ್ತಾರೆ. ಪ್ರೈವೇಟ್ ಎಂದ ಮೇಲೆ ಗುಮಾಸ್ತನಿಗೆ ಅದು ಸಿಗದೆಂದು ನಾನು ಮೊದಲು ಊಹಿಸಿದಾಗ ಮಗಳು ನಕ್ಕು ಹೀಗೆ ವಿವರಿಸಿದಳು: ಆ ಗುರುತು ತಂತ್ರಾಂಶವನ್ನು ಬರೆಯುವವರಿಗಾಗಿ ಇರುವುದು, ಬಳಸುವವರಿಗಾಗಿ ಅಲ್ಲ. ತಂತ್ರಾಂಶದ ಒಂದು ಭಾಗವು ಇನ್ನೊಂದು ಭಾಗದ ಒಳಗುಟ್ಟಿಗೆ ಕೈಹಾಕಬಾರದೆಂಬುದು ಅದರ ಅರ್ಥ. ಅಡುಗೆಮನೆಗೂ ದೇವರ ಕೋಣೆಗೂ ನಡುವೆ ಗೋಡೆ ಇರುವುದು ಒಂದು ವಿಷಯ. ದೇವರ ಕೋಣೆಗೆ ಯಾರು ಮಡಿಯುಟ್ಟು ಹೋಗಬಹುದೆಂಬುದು ಬೇರೆಯೇ ವಿಷಯ. ಗೋಡೆ ಕಟ್ಟಿದವನಿಗೆ ಎರಡನೆಯದು ಗೊತ್ತಿರುವುದಿಲ್ಲ. ‘ರದ್ದುಮಾಡು’ ಎಂಬ ಬಾಗಿಲು ಎಲ್ಲರಿಗೂ ಕಾಣುವಂತಿದ್ದರೂ ಅದನ್ನು ತಟ್ಟುತ್ತಿರುವವನು ಯಾರೆಂದು ಕೇಳುವ ಕಾವಲುಗಾರನನ್ನು ಪ್ರತ್ಯೇಕವಾಗಿಯೇ ನೇಮಿಸಬೇಕು.

ಆ ಕಾವಲುಗಾರನನ್ನು ನಿಲ್ಲಿಸಲು ಮೂರು ಸ್ಥಳಗಳಿವೆ. ಮೊದಲನೆಯದು ಪರದೆ. ಅಧಿಕಾರವಿಲ್ಲದವನ ಪರದೆಯಲ್ಲಿ ‘ರದ್ದು’ ಎಂಬ ಗುಂಡಿಯೇ ಕಾಣದಂತೆ ಮಾಡುವುದು. ನೋಡಲು ಇದು ಸೊಗಸು, ಆದರೆ ರಕ್ಷಣೆಯಲ್ಲ. ಅದೇ ರಸೀತಿಗೆ ಮತ್ತೊಂದು ಪರದೆಯಿಂದ, ಮೊಬೈಲ್ ಫೋನಿನಿಂದ, ವರ್ಷಾಂತ್ಯದ ಲೆಕ್ಕ ಮುಗಿಸುವ ಇನ್ನೊಂದು ಕಾರ್ಯಕ್ರಮದಿಂದ ದಾರಿಯಿರಬಹುದು. ಬೋರ್ಡು ತೆಗೆದ ಮಾತ್ರಕ್ಕೆ ಅಂಗಡಿಯ ಬಾಗಿಲು ಹಾಕಿದಂತಾಗುವುದಿಲ್ಲ. ಎರಡನೆಯ ಸ್ಥಳ ರಸೀತಿ ಎಂಬ ವಸ್ತುವಿನ ಒಳಗೇ, ಆ ಕ್ರಿಯೆಯ ಹೊಸ್ತಿಲಲ್ಲಿ. ಯಾವ ದಾರಿಯಿಂದ ಬಂದರೂ ಇಲ್ಲಿ ಪ್ರಶ್ನೆಗೆ ಉತ್ತರ ಹೇಳಲೇಬೇಕು. ಇದು ಭದ್ರ. ಆದರೆ ಪ್ರತಿಯೊಂದು ವಸ್ತುವೂ ಕಚೇರಿಯಲ್ಲಿರುವ ಎಲ್ಲರ ಅಧಿಕಾರವನ್ನು ಬಾಯಿಪಾಠ ಮಾಡಬೇಕಾಗುತ್ತದೆ. ಸಮಿತಿಯ ನಿಯಮ ಬದಲಾದಾಗ ನೂರು ಕಡೆ ತಿದ್ದಬೇಕಾಗುತ್ತದೆ, ಒಂದು ಕಡೆ ಮರೆಯುವುದು ನಿಶ್ಚಿತ. ಮೂರನೆಯದು, ವಸ್ತುವಿನ ಮುಂದೆ ಅದರದೇ ವೇಷ ತೊಟ್ಟ ಒಬ್ಬ ಪ್ರತಿನಿಧಿಯನ್ನು ನಿಲ್ಲಿಸುವುದು. ಬಂದವರು ಇವನನ್ನೇ ರಸೀತಿಯೆಂದು ತಿಳಿದು ಕೇಳುತ್ತಾರೆ. ಇವನು ನಿಯಮಗಳ ಒಂದೇ ಕಡತವನ್ನು ನೋಡಿ, ಒಪ್ಪಿಗೆಯಿದ್ದರೆ ಮಾತ್ರ ಒಳಗಿನ ನಿಜವಾದ ರಸೀತಿಗೆ ಮಾತನ್ನು ದಾಟಿಸುತ್ತಾನೆ. 1994ರಲ್ಲಿ ಎರಿಕ್ ಗಾಮಾ ಮೊದಲಾದ ನಾಲ್ವರು ಪ್ರಕಟಿಸಿದ ವಿನ್ಯಾಸಗಳ ಪ್ರಸಿದ್ಧ ಗ್ರಂಥದಲ್ಲಿ ವಿವರಿಸಿರುವ 23 ಮಾದರಿಗಳಲ್ಲಿ ‘ಪ್ರಾಕ್ಸಿ’ ಎಂಬುದು ಒಂದು. ಅದರ ಒಂದು ಬಗೆಯೇ ಈ ಕಾವಲು ಪ್ರತಿನಿಧಿ. ಕಾವಲು ಎಲ್ಲೆಡೆ, ನಿಯಮ ಒಂದೇ ಕಡೆ ಎಂಬುದು ಇದರ ಲಾಭ. ಪ್ರತಿನಿಧಿಯನ್ನು ಬಳಸಿ ಒಳಹೋಗುವ ದಾರಿ ಬೇರೊಂದಿಲ್ಲದಂತೆ ನೋಡಿಕೊಳ್ಳುವುದು ಅದರ ಷರತ್ತು.

ಆ ಕಡತದಲ್ಲಿ ಏನು ಬರೆಯಬೇಕು? 1971ರಲ್ಲಿ ಬಟ್ಲರ್ ಲ್ಯಾಂಪ್ಸನ್ ಎಂಬ ಅಮೆರಿಕದ ವಿಜ್ಞಾನಿ ಇದನ್ನು ಒಂದು ಕೋಷ್ಟಕವಾಗಿ ತೋರಿಸಿದರು. ಅಡ್ಡಸಾಲುಗಳಲ್ಲಿ ವ್ಯಕ್ತಿಗಳು, ಕಂಬಸಾಲುಗಳಲ್ಲಿ ವಸ್ತುಗಳು, ಪ್ರತಿಯೊಂದು ಮನೆಯಲ್ಲಿ ಆ ವ್ಯಕ್ತಿ ಆ ವಸ್ತುವಿನ ಮೇಲೆ ಮಾಡಬಹುದಾದ ಕ್ರಿಯೆಗಳು. ಖಾತೆ ಬರೆಯುವವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಆದರೆ ವ್ಯಕ್ತಿಗಳು ಬದಲಾಗುತ್ತಾರೆ. ಗುಮಾಸ್ತ ಹೋಗಿ ಇನ್ನೊಬ್ಬ ಬರುತ್ತಾನೆ. ಆದುದರಿಂದ 1992ರಲ್ಲಿ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ ಎಂಬಿಬ್ಬರು ಅಧಿಕಾರವನ್ನು ವ್ಯಕ್ತಿಗೆ ನೀಡದೆ ಪಾತ್ರಕ್ಕೆ ನೀಡುವ ಕ್ರಮವನ್ನು ನಿರೂಪಿಸಿದರು. ಗುಮಾಸ್ತ, ಖಜಾಂಚಿ, ಕಾರ್ಯದರ್ಶಿ, ಲೆಕ್ಕ ಪರಿಶೋಧಕ ಎಂಬವು ಪಾತ್ರಗಳು. ವ್ಯಕ್ತಿ ಆ ಅಂಗಿಯನ್ನು ತೊಟ್ಟಾಗ ಅದರ ಅಧಿಕಾರ ಬರುತ್ತದೆ, ಕಳಚಿದಾಗ ಹೋಗುತ್ತದೆ. ಇದು 2004ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವೂ ಆಯಿತು.

ಪಾತ್ರವೊಂದೇ ಸಾಲದು ಎಂಬುದನ್ನು ಮಾತ್ರ ವ್ಯಾಪಾರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುಮಾಸ್ತನು ತಾನು ಬರೆದ ರಸೀತಿಯನ್ನು ಆ ದಿನದ ಲೆಕ್ಕ ಮುಗಿಯುವವರೆಗೆ ತಿದ್ದಬಹುದು, ಆಮೇಲೆ ಕೂಡದು ಎಂಬ ನಿಯಮವನ್ನು ನೋಡಿ. ‘ಗುಮಾಸ್ತ’ ಎಂಬ ಪಾತ್ರ ತಿಳಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಆ ರಸೀತಿಯನ್ನು ಬರೆದವನು ಯಾರು, ಆ ದಿನ ಮುಗಿದಿದೆಯೇ ಎಂಬುದು ರಸೀತಿಗೇ ಗೊತ್ತು. ಖಜಾಂಚಿಯು ರದ್ದತಿಯನ್ನು ಅಂಗೀಕರಿಸಬಹುದು, ಆದರೆ ತಾನೇ ಕೋರಿದ ರದ್ದತಿಯನ್ನಲ್ಲ ಎಂಬ ನಿಯಮವೂ ಹಾಗೆಯೇ. ಆದಕಾರಣ ಕಾವಲುಗಾರ ಕೇಳಬೇಕಾದ ಪ್ರಶ್ನೆಯಲ್ಲಿ ಮೂರು ಅಂಗಗಳಿರಬೇಕು: ಈ ವ್ಯಕ್ತಿ, ಈ ಕ್ರಿಯೆಯನ್ನು, ಇದೇ ವಸ್ತುವಿನ ಮೇಲೆ ಮಾಡಬಹುದೇ? ವ್ಯಕ್ತಿಯ ಪಾತ್ರವನ್ನು ಕಡತ ಹೇಳುತ್ತದೆ. ವಸ್ತುವಿನ ಪೂರ್ವಚರಿತ್ರೆಯನ್ನು ವಸ್ತುವೇ ಹೇಳಬೇಕು. ಎರಡನ್ನೂ ಕೇಳಿದ ಮೇಲೆ ತೀರ್ಪು. ಯಾವ ನಿಯಮವೂ ಅನ್ವಯಿಸದಿದ್ದರೆ ಉತ್ತರ ‘ಇಲ್ಲ’ ಎಂದೇ ಆಗಬೇಕು. ಬರೆಯದೆ ಬಿಟ್ಟದ್ದು ಒಪ್ಪಿಗೆಯಲ್ಲ. ಕೊಡದುದನ್ನು ತೆಗೆದುಕೊಳ್ಳಬಾರದೆಂಬ ವ್ರತವಿರುವ ಮನೆಗಳಲ್ಲಿ ಹುಟ್ಟಿದ ನಮಗೆ ಇದು ಹೊಸ ಮಾತಲ್ಲ.

ಈ ವಿಚಾರಗಳಿಗೆ ಭದ್ರವಾದ ಬುನಾದಿ ಹಾಕಿದವರು 1975ರಲ್ಲಿ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೇಲ್ ಶ್ರೋಡರ್. ಅವರು ನಿರೂಪಿಸಿದ ಎಂಟು ತತ್ತ್ವಗಳಲ್ಲಿ ಮೂರನ್ನಾದರೂ ಪ್ರತಿಯೊಂದು ಟ್ರಸ್ಟಿನ ಸದಸ್ಯರೂ ತಿಳಿದಿರಬೇಕು. ಪ್ರತಿಯೊಬ್ಬನಿಗೂ ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ, ಅದಕ್ಕಿಂತ ಒಂದು ಗುಂಜಿಯೂ ಹೆಚ್ಚಿಲ್ಲ ಎಂಬುದು ಒಂದು. ಪ್ರತಿಯೊಂದು ವಸ್ತುವಿಗೂ ಪ್ರತಿಯೊಂದು ಬಾರಿಯೂ ತನಿಖೆ ನಡೆಯಬೇಕು, ಬೆಳಿಗ್ಗೆ ಕೇಳಿದೆವೆಂದು ಸಂಜೆ ಬಿಡಬಾರದು ಎಂಬುದು ಇನ್ನೊಂದು. ಮಹತ್ತ್ವದ ಕಾರ್ಯಕ್ಕೆ ಒಂದೇ ಕೀಲಿಗಿಂತ ಎರಡು ಕೀಲಿಗಳು ಲೇಸು ಎಂಬುದು ಮೂರನೆಯದು. ಹುಂಡಿಗೆ ಎರಡು ಬೀಗ ಹಾಕಿ ಇಬ್ಬರ ಕೈಯಲ್ಲಿ ಕೀಲಿ ಇಡುವ ನಮ್ಮ ದೇವಾಲಯಗಳ ಪದ್ಧತಿಯೇ ಇದು. 1987ರಲ್ಲಿ ಡೇವಿಡ್ ಕ್ಲಾರ್ಕ್ ಮತ್ತು ಡೇವಿಡ್ ವಿಲ್ಸನ್ ಬರೆದ ಪ್ರಬಂಧವಂತೂ ಬಿ.ಕಾಂ. ಓದಿದವನಿಗೆ ಹೆಮ್ಮೆ ತರುವಂಥದು. ವಿಲ್ಸನ್ ಅವರು ಲೆಕ್ಕ ಪರಿಶೋಧನೆಯ ಸಂಸ್ಥೆಗೆ ಸೇರಿದವರು. ಸೈನ್ಯದ ಗಣಕಯಂತ್ರಗಳಿಗೆ ಗುಟ್ಟು ಹೊರಬೀಳದಿರುವುದು ಮುಖ್ಯ, ವ್ಯಾಪಾರದ ಗಣಕಯಂತ್ರಗಳಿಗೆ ಲೆಕ್ಕ ಕೆಡದಿರುವುದು ಮುಖ್ಯ ಎಂದು ಅವರು ವಾದಿಸಿದರು. ಅದಕ್ಕಾಗಿ ಜಮಾ-ಖರ್ಚಿನ ಜೋಡಿ ನಮೂದನ್ನೂ, ಒಬ್ಬನ ಕೆಲಸವನ್ನು ಇನ್ನೊಬ್ಬನು ನೋಡುವ ಕರ್ತವ್ಯ ವಿಭಜನೆಯನ್ನೂ ಆಧಾರವಾಗಿ ತೆಗೆದುಕೊಂಡರು. ಕಾಲೇಜಿನ ಲೆಕ್ಕ ಪರಿಶೋಧನೆಯ ಪಾಠದಲ್ಲಿ ‘ಆಂತರಿಕ ತಪಾಸಣೆ’ ಎಂದು ನಾವು ಕಂಠಪಾಠ ಮಾಡಿದ್ದು ಇದನ್ನೇ.

ಇವು ಪುಸ್ತಕದ ಮಾತುಗಳಾಗಿಯೇ ಉಳಿಯಲಿಲ್ಲ. ನಮ್ಮ ರಾಜ್ಯದಲ್ಲೇ ಪ್ರತಿಯೊಬ್ಬ ರೈತನ ಅನುಭವಕ್ಕೆ ಬಂದ ಉದಾಹರಣೆಯೊಂದಿದೆ. ಕೈಬರಹದ ಪಹಣಿಗಳಿದ್ದ ಕಾಲದಲ್ಲಿ ಅವುಗಳನ್ನು ಬರೆಯುವುದೂ ತಿದ್ದುವುದೂ ಇಟ್ಟುಕೊಳ್ಳುವುದೂ ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿತ್ತು. ಬರೆಯುವವನೇ ತಿದ್ದುವವನೂ ಕಾಯುವವನೂ ಆದರೆ ಏನಾಗಬಹುದೆಂದು ವಿವರಿಸಬೇಕಾಗಿಲ್ಲ. 2000ದ ಆಸುಪಾಸಿನಲ್ಲಿ ಕಂದಾಯ ಇಲಾಖೆಯು ಜಾರಿಗೆ ತಂದ ‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳು ಗಣಕಯಂತ್ರಕ್ಕೆ ಸೇರಿದವು. ನಮ್ಮ ಊರಿನವರು ಅರಕಲಗೂಡಿನ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆಯಲಾರಂಭಿಸಿದರು. ಎಲ್ಲರೂ ಮುದ್ರಣದ ವೇಗವನ್ನು ಹೊಗಳಿದರು. ನನ್ನ ದೃಷ್ಟಿಯಲ್ಲಿ ನಿಜವಾದ ಬದಲಾವಣೆ ಬೇರೆ ಇತ್ತು. ದಾಖಲೆಯನ್ನು ನೋಡುವುದು ಎಲ್ಲರಿಗೂ ತೆರೆಯಿತು. ತಿದ್ದುವುದು ಕೆಲವರಿಗೇ, ಅದೂ ಕ್ರಮಬದ್ಧವಾದ ಹಂತಗಳಲ್ಲಿ ಮಾತ್ರ ಉಳಿಯಿತು. ಯಂತ್ರದ ಮುಂದೆ ಕೂರುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಾಗಿತ್ತು. ಆದುದರಿಂದ ‘ಇದು ನಾನು ಮಾಡಿದ್ದಲ್ಲ’ ಎನ್ನುವಂತಿರಲಿಲ್ಲ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂಬ ನಿಯಮವನ್ನು ತಂತ್ರಾಂಶವೇ ಪಾಲಿಸುತ್ತಿತ್ತು. ಸಿಬ್ಬಂದಿಯ ಪರದೆಯಲ್ಲಿ ನಡೆಯುವುದು ರೈತನಿಗೂ ಕಾಣಲೆಂದು ಅವನ ಕಡೆಗೆ ಮುಖಮಾಡಿದ ಇನ್ನೊಂದು ಪರದೆಯನ್ನು ಇಟ್ಟರು. ಅದನ್ನು ಯಾವ ಭಾಷೆಯಲ್ಲಿ ಬರೆದರೆಂಬುದು ಮುಖ್ಯವಲ್ಲ. ದಾಖಲೆ, ಕ್ರಿಯೆ, ವ್ಯಕ್ತಿ ಎಂಬ ಮೂರನ್ನು ಬೇರ್ಪಡಿಸಿ ಯೋಚಿಸಿದರೆಂಬುದು ಮುಖ್ಯ.

ಕಾವಲಿಲ್ಲದ ಹಿತ್ತಿಲಬಾಗಿಲು ಉಳಿದರೆ ಏನಾಗುತ್ತದೆಂಬುದಕ್ಕೂ ದೊಡ್ಡ ನಿದರ್ಶನವಿದೆ. 2018ರ ಫೆಬ್ರವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬಯಿಯ ಒಂದು ಶಾಖೆಯ ವಂಚನೆ ಬೆಳಕಿಗೆ ಬಂದಿತು. ಅದರ ಮೊತ್ತ 13,000 ಕೋಟಿ ರೂಪಾಯಿಗಳಷ್ಟೆಂದು ಲೆಕ್ಕವಾಯಿತು. ವಿದೇಶದ ಬ್ಯಾಂಕುಗಳಿಗೆ ಭರವಸೆಪತ್ರ ಕಳುಹಿಸುವ ಸ್ವಿಫ್ಟ್ ಸಂದೇಶ ವ್ಯವಸ್ಥೆಯು ಬ್ಯಾಂಕಿನ ಮುಖ್ಯ ಲೆಕ್ಕದ ತಂತ್ರಾಂಶದೊಡನೆ ಜೋಡಣೆಯಾಗಿರಲಿಲ್ಲ. ಆದಕಾರಣ ಲೆಕ್ಕದಲ್ಲಿ ನಮೂದಾಗದೆಯೇ ಪತ್ರಗಳು ಹೊರಟುಹೋದವು. ಮುಂಬಾಗಿಲಿನಲ್ಲಿ ಎಷ್ಟೇ ಬಿಗಿಯಾದ ಕಾವಲಿದ್ದರೂ ಆ ಪತ್ರಗಳು ಆ ಬಾಗಿಲಿಗೆ ಬರಲೇ ಇಲ್ಲ. ಎರಡನ್ನೂ ಜೋಡಿಸಬೇಕೆಂದು ರಿಸರ್ವ್ ಬ್ಯಾಂಕು ಆ ಬಳಿಕ ಎಲ್ಲ ಬ್ಯಾಂಕುಗಳಿಗೂ ಗಡುವು ವಿಧಿಸಿತು.

ಇಷ್ಟು ದೊಡ್ಡ ಮೊತ್ತಗಳನ್ನು ಕೇಳಿ, ಇದು ನಮಗೆ ಸಂಬಂಧಿಸಿದ್ದಲ್ಲ ಎಂದು ಟ್ರಸ್ಟಿನ ಸದಸ್ಯರು ಭಾವಿಸಬಾರದು. ಕೆಲವು ವರ್ಷಗಳ ಹಿಂದೆ ಒಂದು ಧಾರ್ಮಿಕ ಸಂಸ್ಥೆಯವರು ಲೆಕ್ಕ ತಿಳಿದವನೆಂದು ನನ್ನನ್ನು ಎರಡು ದಿನ ಕರೆಸಿಕೊಂಡರು. ಅದರ ಹೆಸರು ಇಲ್ಲಿ ಬೇಡ. ಶಾಶ್ವತ ಪೂಜಾನಿಧಿಗೆ ಹಣ ಕೊಟ್ಟ ದಾನಿಯೊಬ್ಬರು ಮುದ್ರಿತ ರಸೀತಿ ಹಿಡಿದು ಬಂದಿದ್ದರು. ಯಂತ್ರದಲ್ಲಿ ಆ ಸಂಖ್ಯೆಯ ರಸೀತಿ ‘ರದ್ದು’ ಎಂದಿತ್ತು. ಹುಡುಕಿದಾಗ ಅಂಥವು ಇನ್ನೂ ಕೆಲವು ಸಿಕ್ಕವು. ರದ್ದು ಮಾಡಿದವರು ಯಾರೆಂದು ನೋಡಿದರೆ ಎಲ್ಲದರ ಮುಂದೆಯೂ ‘ಅಡ್ಮಿನ್’ ಎಂಬ ಒಂದೇ ಹೆಸರು. ಕಚೇರಿಯಲ್ಲಿ ಐದು ಮಂದಿ ಆ ಒಂದೇ ಹೆಸರಿನಿಂದ ಕೆಲಸ ಮಾಡುತ್ತಿದ್ದರು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೀಲಿಮಣೆಯ ಅಡಿಯಲ್ಲಿ ಅಂಟಿಸಿದ್ದರು. ಆ ಐವರಲ್ಲಿ ಸಂಬಳಕ್ಕಿದ್ದವನು ಒಬ್ಬನೇ, ಇಪ್ಪತ್ತಮೂರು ವರ್ಷದ ಹುಡುಗ. ಉಳಿದವರು ಊರಿನ ಗಣ್ಯರು. ಸಂದೇಹ ಯಾರ ಮೇಲೆ ಬಿದ್ದಿತೆಂದು ಹೇಳಬೇಕಾಗಿಲ್ಲ. ದಾಖಲೆಯಿಂದ ಯಾರನ್ನೂ ಅಪರಾಧಿಯೆನ್ನಲಾಗದು, ಯಾರನ್ನೂ ನಿರಪರಾಧಿಯೆನ್ನಲೂ ಆಗದು ಎಂದು ನಾನು ಸಮಿತಿಗೆ ಬರೆದುಕೊಟ್ಟೆನು. ಎರಡು ತಿಂಗಳೊಳಗೆ ಹುಡುಗ ಕೆಲಸ ಬಿಟ್ಟು ಹೋದನು. ಅವನ ತಂದೆ ಒಮ್ಮೆ ನಮ್ಮ ಅಂಗಡಿಗೆ ಬಂದು, ‘ಇವನು ಮಾಡಿದ್ದರೆ ಮಾಡಿದನೆಂದಾದರೂ ಬರೆದುಕೊಡಿ, ಇಲ್ಲವಾದರೆ ಇಲ್ಲವೆಂದು ಬರೆದುಕೊಡಿ’ ಎಂದು ಕೇಳಿದರು. ಬರೆದುಕೊಡಲು ನನ್ನ ಬಳಿ ಏನೂ ಇರಲಿಲ್ಲ.

ಹೋದ ಹಣ ಸಣ್ಣದು. ದಾನಿಗಳ ಖಾತೆಗಳನ್ನು ಸಮಿತಿಯವರು ತಮ್ಮ ಕೈಯಿಂದ ತುಂಬಿಕೊಟ್ಟರು. ಆ ಹುಡುಗನ ಹೆಸರನ್ನು ಮಾತ್ರ ತುಂಬಿಕೊಡಲು ಯಾರಿಂದಲೂ ಆಗಲಿಲ್ಲ. ಅಂದಿನಿಂದ ಅನುಮತಿಯ ವ್ಯವಸ್ಥೆಯನ್ನು ನಾನು ನೋಡುವ ದೃಷ್ಟಿಯೇ ಬೇರೆಯಾಯಿತು. ಅದು ಕಳ್ಳನನ್ನು ಹಿಡಿಯುವ ಬಲೆಯೆಂದು ಜನ ತಿಳಿಯುತ್ತಾರೆ. ಅದಕ್ಕಿಂತ ಮುಖ್ಯವಾಗಿ ಅದು ಪ್ರಾಮಾಣಿಕನಿಗೆ ಸಾಕ್ಷಿ. ಐವರಿಗೆ ಐದು ಹೆಸರುಗಳಿದ್ದು, ರದ್ದುಮಾಡುವ ಅಧಿಕಾರ ಅವನ ಪಾತ್ರಕ್ಕೆ ಇಲ್ಲವೆಂದಿದ್ದರೆ ಆ ಹುಡುಗನು ಒಂದೇ ಮಾತಿನಲ್ಲಿ ತಲೆಯೆತ್ತಿ ನಿಲ್ಲಬಹುದಾಗಿತ್ತು. ನಮ್ಮ ಅಜಾಗರೂಕತೆಯಿಂದ ಇನ್ನೊಬ್ಬನ ಮನಸ್ಸು ನೋಯುವುದೂ ಹಿಂಸೆಯೇ ಎಂದು ಒಪ್ಪುವವರು ಇದನ್ನು ಕೇವಲ ಯಂತ್ರದ ವಿಷಯವೆಂದು ತಳ್ಳಿಹಾಕಲಾರರು.

ಇದರ ಮತ್ತೊಂದು ಮುಖವನ್ನೂ ಹೇಳಬೇಕು. ಬೇರೊಂದು ಬಸದಿಯಲ್ಲಿ ಈ ಮೇಲಿನ ಕ್ರಮವನ್ನೆಲ್ಲ ಅಳವಡಿಸಿದ ಹೊಸ ತಂತ್ರಾಂಶ ಬಂದಾಗ ಅಲ್ಲಿಯ ವೃದ್ಧ ಖಜಾಂಚಿಗಳಿಗೆ ಬಹಳ ನೋವಾಯಿತು. ಅವರ ಪರದೆಯಲ್ಲಿ ‘ಅಳಿಸು’ ಎಂಬ ಗುಂಡಿ ಇರಲಿಲ್ಲ. ‘ನಲವತ್ತು ವರ್ಷ ಬೀಗದಕೈ ನನ್ನ ಸೊಂಟದಲ್ಲಿತ್ತು. ಈಗ ಈ ಯಂತ್ರ ನನ್ನನ್ನು ಕಳ್ಳನೆನ್ನುತ್ತಿದೆಯೇ?’ ಎಂದರು. ಇದನ್ನು ಹಗುರವಾಗಿ ಕಾಣಬಾರದು. ನಂಬಿಕೆಯ ಮೇಲೆ ನಡೆದ ಬಾಳಿಗೆ ನಿಯಮವು ಅವಮಾನವಾಗಿ ತೋರುವುದು ಸಹಜ. ನಾನು ತಿಳಿದಷ್ಟು ಹೇಳಿದೆನು. ಅವರು ಪೂರ್ತಿ ಒಪ್ಪಲಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದರು: ‘ಅಧ್ಯಕ್ಷರಿಗೂ ಆ ಗುಂಡಿ ಇಲ್ಲವೇ?’ ‘ಅಧ್ಯಕ್ಷರಿಗೂ ಇಲ್ಲ, ತಂತ್ರಾಂಶ ಹಾಕಿದವನಿಗೂ ಇಲ್ಲ. ಎದುರು ನಮೂದು ಹಾಕಬಹುದು ಅಷ್ಟೆ’ ಎಂದೆನು. ‘ಹಾಗಾದರೆ ಸರಿ, ಇದು ನಮ್ಮ ಹಳೇ ಕಿರ್ದಿಯ ಹಾಗೇ ಆಯಿತು’ ಎಂದು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಕುಳಿತರು. ನಿಯಮ ಒಬ್ಬನಿಗೆ ಮಾತ್ರ ಅನ್ವಯಿಸಿದರೆ ಅದು ಸಂಶಯ. ಎಲ್ಲರಿಗೂ ಅನ್ವಯಿಸಿದರೆ ಅದು ಮರ್ಯಾದೆ.

ಕಾನೂನೂ ಇದೇ ದಾರಿಯಲ್ಲಿ ಸಾಗಿದೆ. ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ ಕೇಂದ್ರ ಸರ್ಕಾರವು 2021ರಲ್ಲಿ ತಂದ ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರಂತೆ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನು ತಾರೀಖಿನೊಡನೆ ದಾಖಲಿಸಬೇಕು; ಆ ದಾಖಲೆಯನ್ನು ಯಾರೂ ನಿಲ್ಲಿಸಲಾಗದಂತಿರಬೇಕು. ನಮ್ಮ ಕಡೆಯ ಅಂಗಡಿಗಳಿಗೆಲ್ಲ ಪರಿಚಿತವಾದ, 1986ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸಂಸ್ಥೆಯ ಟ್ಯಾಲಿ ತಂತ್ರಾಂಶದಲ್ಲಿಯೂ ಈ ಜಾಡಿನ ಸೌಲಭ್ಯವಿದೆ, ಬಳಕೆದಾರರಿಗೆ ಬೇರೆಬೇರೆ ಮಟ್ಟದ ಅಧಿಕಾರ ನೀಡುವ ಸೌಲಭ್ಯವೂ ಇದೆ. ಆ ನಿಯಮವು ಕಂಪನಿಗಳಿಗೆ ಸಂಬಂಧಿಸಿದ್ದು. ಆದರೆ ಲಾಭಕ್ಕಾಗಿ ನಡೆಯುವ ಸಂಸ್ಥೆಯಿಂದ ಕಾನೂನು ನಿರೀಕ್ಷಿಸುವ ಶುದ್ಧಿಯನ್ನು ಧರ್ಮಕ್ಕಾಗಿ ನಡೆಯುವ ಸಂಸ್ಥೆಯು ತಾನಾಗಿಯೇ ಪಾಲಿಸುವುದು ಶೋಭೆಯಲ್ಲವೇ? 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೆಯ ವಿಧಿಯೂ ಯಂತ್ರದ ಒಡೆಯನ ಅಥವಾ ಅದರ ಉಸ್ತುವಾರಿ ಹೊತ್ತವನ ಅನುಮತಿಯಿಲ್ಲದೆ ಒಳಹೊಕ್ಕವನನ್ನು ಹೊಣೆಗಾರನನ್ನಾಗಿ ಮಾಡುತ್ತದೆ. ಯಾರಿಗೆ ಅನುಮತಿ ಇತ್ತೆಂದು ಬರೆದಿಡದ ಸಂಸ್ಥೆಯು ಆ ಕಾಯಿದೆಯ ಆಶ್ರಯವನ್ನಾದರೂ ಹೇಗೆ ಬೇಡೀತು?

ಒಂದು ಕ್ರಿಯೆಯನ್ನು ಬಿಡಿಸಿ ನೋಡುವ ಕಲೆ ನಮ್ಮ ಆಚಾರ್ಯರಿಗೆ ಚೆನ್ನಾಗಿ ತಿಳಿದಿತ್ತು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಸಂಕಲ್ಪ, ಸಿದ್ಧತೆ, ಆಚರಣೆ ಎಂಬ ಮೂರು ಹಂತಗಳನ್ನು ಮನ-ವಚನ-ಕಾಯಗಳೆಂಬ ಮೂರರಿಂದಲೂ, ಕೃತ-ಕಾರಿತ-ಅನುಮತಗಳೆಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ 108 ಭೇದಗಳನ್ನು ಎಣಿಸಿದೆ. ಮಾಡಿದವನು, ಮಾಡಿಸಿದವನು, ಒಪ್ಪಿದವನು ಈ ಮೂವರನ್ನೂ ಬೇರೆಬೇರೆಯಾಗಿ ಹೆಸರಿಸಿ ಮೂವರನ್ನೂ ಹೊಣೆಗಾರರನ್ನಾಗಿ ಮಾಡಿದ ಈ ವಿಂಗಡಣೆಯು ಲೆಕ್ಕದ ತಂತ್ರಾಂಶ ರಚಿಸುವವರಿಗೆ ಸಿದ್ಧವಾದ ನಕ್ಷೆಯಂತಿದೆ. ರಸೀತಿಯೊಂದು ರದ್ದಾದರೆ ಕೀಲಿ ಒತ್ತಿದವನಾರು, ಒತ್ತಲು ಹೇಳಿದವನಾರು, ಸಮ್ಮತಿಸಿದವನಾರು ಎಂಬ ಮೂರು ಹೆಸರುಗಳೂ ಅದರೊಡನೆ ಉಳಿಯಬೇಕು. ಇಂದಿನ ಬಹುತೇಕ ತಂತ್ರಾಂಶಗಳಲ್ಲಿ ಮೊದಲನೆಯವನ ಮತ್ತು ಮೂರನೆಯವನ ಹೆಸರಿರುತ್ತದೆ. ಹೇಳಿ ಮಾಡಿಸಿದವನ ಹೆಸರು ಇರುವುದು ಅಪರೂಪ.

ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಹತ್ತನೆಯದರ ಹೆಸರೇ ಅನುಮತಿತ್ಯಾಗ. ಸಂಸಾರದ ಕಾರ್ಯಗಳಿಗೆ ಸಮ್ಮತಿ ನೀಡುವ ಅಧಿಕಾರವನ್ನೂ ಆ ಮೆಟ್ಟಿಲಿನಲ್ಲಿ ಬಿಟ್ಟುಕೊಡಬೇಕು. ಆರಂಭವನ್ನೂ ಪರಿಗ್ರಹವನ್ನೂ ಬಿಟ್ಟಾದ ಮೇಲೆ ಇದು ಬರುತ್ತದೆಂಬುದನ್ನು ಗಮನಿಸಿ. ಕೈಯ ಕೆಲಸವನ್ನು ಬಿಡುವುದು ಸುಲಭ, ಗಂಟನ್ನು ಬಿಡುವುದು ಅದಕ್ಕಿಂತ ಕಷ್ಟ, ‘ನನ್ನನ್ನು ಕೇಳದೆ ಏನೂ ನಡೆಯಬಾರದು’ ಎಂಬ ಹಂಬಲವನ್ನು ಬಿಡುವುದು ಎಲ್ಲಕ್ಕಿಂತ ಕಷ್ಟ. ನಾವಾರೂ ಆ ಎತ್ತರಕ್ಕೆ ಏರಿದವರಲ್ಲ. ಆದರೆ ಅಧಿಕಾರದ ಅವಧಿ ಮುಗಿದ ದಿನವೇ ಪಾಸ್‌ವರ್ಡನ್ನು ಬಿಟ್ಟುಕೊಡುವಷ್ಟು ಅಭ್ಯಾಸವನ್ನಾದರೂ ಮಾಡಬಹುದು.

ಟ್ರಸ್ಟುಗಳ ಹಿರಿಯರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಪ್ರತಿಯೊಬ್ಬರಿಗೂ ಅವರದೇ ಹೆಸರಿನ ಪ್ರವೇಶವಿರಲಿ; ಒಂದೇ ಹೆಸರನ್ನು ಇಬ್ಬರು ಹಂಚಿಕೊಳ್ಳುವುದು ಬೇಡ. ಅಳಿಸುವ ಅಧಿಕಾರ ಯಾರಿಗೂ ಇಲ್ಲದಿರಲಿ, ರದ್ದತಿಗೆ ಇಬ್ಬರ ಒಪ್ಪಿಗೆ ಇರಲಿ. ಅಧಿಕಾರಗಳನ್ನು ಹಂಚುವವನು ಹಣದ ನಮೂದು ಮಾಡದಿರಲಿ. ತಂತ್ರಾಂಶ ಮಾರುವವನು ಬಂದಾಗ ಅದರ ಬಣ್ಣವನ್ನೂ ವರದಿಗಳ ಅಂದವನ್ನೂ ನೋಡುವ ಮೊದಲು, ‘ಗುಂಡಿಯನ್ನು ಮರೆಮಾಡಿದ್ದೀರೋ, ಕ್ರಿಯೆಯನ್ನೇ ಕಾದಿದ್ದೀರೋ?’ ಎಂದು ಕೇಳಿ. ಅವನು ತಡವರಿಸಿದರೆ ಉತ್ತರ ನಿಮಗೇ ತಿಳಿಯುತ್ತದೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯಲ್ಲಿ ಯಾರಿಗೆ ಯಾವ ಅಧಿಕಾರವಿದೆಯೆಂಬ ಪಟ್ಟಿಯನ್ನು ಗಟ್ಟಿಯಾಗಿ ಓದಿ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ನಾನು ಬಲ್ಲ ಒಂದು ಕಡೆ ಹಾಗೆ ಮೊದಲ ಬಾರಿ ಓದಿದಾಗ ಪಟ್ಟಿಯಲ್ಲಿ ಹನ್ನೊಂದು ಹೆಸರುಗಳಿದ್ದವು. ಅವರಲ್ಲಿ ಮೂವರು ಊರು ಬಿಟ್ಟಿದ್ದರು, ಇಬ್ಬರು ತೀರಿಕೊಂಡಿದ್ದರು.